ಒಂಬತ್ತನೇ ಸಾಲಿನ ಎರಡು ಕೆಜಿ

ಮೂಡಲಪಾಳ್ಯ
3 ಮಾರ್ಚ್ 2025, ಸೋಮವಾರ

ಜ್ಯೋತಿಲಕ್ಷ್ಮಿ ಮೇಡಂ ಅವರಿಗೆ ನಮಸ್ಕಾರ.

ನಾನು ಕಲಾವತಿ. ಡಯಾಲಿಸಿಸ್ ಸೆಂಟರಿನಲ್ಲಿ ನೀವು ಹನ್ನೊಂದು ವರ್ಷ ಕೂತಿದ್ದ ಕುರ್ಚಿಯಲ್ಲಿ ಈಗ ಕೂತಿರುವವಳು. ನನ್ನ ಊರು ರೋಣದ ಹತ್ತಿರ. ಟೆಕ್ನಿಷಿಯನ್ ಮಹೇಶ್ ನಿಮ್ಮ ಮೇಲ್ ವಿಳಾಸ ಕೊಟ್ಟು, "ಫೋನ್ ಮಾಡ್ಬೇಡಿ ಮೇಡಂ, ಬಾಯ್ಮಾತು ನಿಲ್ಲಲ್ಲ, ಬರೆದು ಕೇಳಿ ಅಂತಾರೆ ಅವ್ರು" ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ಶನಿವಾರ ಒಂದನೇ ತಾರೀಕಾಗಿತ್ತು. ನಿಮ್ಮ ಎಕ್ಸೆಲ್ ಹಾಳೆಯಲ್ಲಿ ಹಳೆಯ ತಿಂಗಳ ಅಂಕಿಗಳನ್ನು ಅಳಿಸಿ ಅದೇ ಹಾಳೆಯನ್ನು ಹೊಸ ತಿಂಗಳಿಗೆ ಬಳಸಬೇಕು ಎಂದಷ್ಟೇ ನನಗೆ ಗೊತ್ತಿತ್ತು. ಇಡೀ ಹಾಳೆಯನ್ನು ಹಿಡಿದು ಡಿಲೀಟ್ ಒತ್ತಿದೆ. ಸೂತ್ರಗಳೂ ಹೋದವು. ಇವತ್ತು ಬೆಳಿಗ್ಗೆ ಯಾರ ಮೈಯಿಂದ ಎಷ್ಟು ನೀರು ತೆಗೆಯಬೇಕು ಎಂಬ ಚೀಟಿಗಳೆಲ್ಲ ಖಾಲಿ ಬಂದಾಗ ಮಹೇಶ್ ಎಲ್ಲರೆದುರು, "ಏನ್ ಮೇಡಂ, ಮೂಡಲಪಾಳ್ಯದ ಕಿಡ್ನಿಗಳೆಲ್ಲ ಒಂದೇ ದಿನಕ್ ಸರಿಹೋದ್ವಾ?" ಎಂದರು. ಪೆನ್‌ಡ್ರೈವ್‌ನಲ್ಲಿದ್ದ ಹಳೆಯ ಪ್ರತಿಯಿಂದ ಹೇಗೋ ಮಾನ ಉಳಿಯಿತು. ಸೂತ್ರ ಉಳಿಸಿ ಅಂಕಿಯನ್ನು ಮಾತ್ರ ಅಳಿಸುವುದು ಹೇಗೆ, ದಯವಿಟ್ಟು ತಿಳಿಸಿ.

ಇನ್ನೊಂದು ವಿಷಯ. ಒಂಬತ್ತನೇ ಸಾಲಿನ ನಾಗಭೂಷಣ್ ಅವರು ಶಿವರಾತ್ರಿಯ ದಿನ ತೀರಿಕೊಂಡರು. ಆ ಸಾಲನ್ನು ತೆಗೆದುಹಾಕಲೇ?

ಇಂತಿ,
ಕಲಾವತಿ

*

ಹಿರಿಯೂರು
5 ಮಾರ್ಚ್ 2025

ಕಲಾವತಿಗೆ ಆಶೀರ್ವಾದ.

ಮೊದಲು ಕಣ್ಣೊರೆಸಿಕೋ. ಇಡೀ ಹಾಳೆ ಅಳಿಸಿದವಳು ನೀನೊಬ್ಬಳೇ ಅಲ್ಲ. ಮೊದಲ ವರ್ಷ ನಾನು ಎರಡು ಸಲ ಅಳಿಸಿದ್ದೆ, ಮಹೇಶ ಆಗ ಇರಲಿಲ್ಲವಾದ್ದರಿಂದ ಬಚಾವಾದೆ.

ಈಗ ಇದನ್ನು ಒಂದು ಕಾಗದದಲ್ಲಿ ಬರೆದು ಮಾನಿಟರಿಗೆ ಅಂಟಿಸು. ಕೀಲಿಮಣೆಯ ಮೇಲೆ F5 ಒತ್ತು. ಬರುವ ಚೌಕದಲ್ಲಿ ಸ್ಪೆಷಲ್ ಒತ್ತು. ಅಲ್ಲಿ ಕಾನ್‌ಸ್ಟೆಂಟ್ಸ್ ಎಂಬುದನ್ನು ಆರಿಸಿ, ಕೆಳಗಿನ ನಾಲ್ಕು ಗುರುತುಗಳಲ್ಲಿ ನಂಬರ್ಸ್ ಒಂದನ್ನೇ ಉಳಿಸು. ಓಕೆ ಎಂದರೆ ನಾವು ಕೈಯಾರೆ ಹಾಕಿದ ಅಂಕಿಗಳಷ್ಟೇ ಬಣ್ಣ ಬದಲಾಯಿಸಿ ನಿಲ್ಲುತ್ತವೆ. ಡಿಲೀಟ್ ಒತ್ತು. ಹೆಸರು ಇರುತ್ತದೆ, ಸೂತ್ರ ಇರುತ್ತದೆ, ಹಳೆಯ ತೂಕಗಳು ಹೋಗಿರುತ್ತವೆ. ಡ್ರೈ ವೇಟೂ ಹೋಗುತ್ತದೆ, ಗಾಬರಿಯಾಗಬೇಡ. ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗ ಇರಬೇಕಾದ ಆ ತೂಕವನ್ನು ಡಾಕ್ಟರ್ ಪ್ರತಿ ತಿಂಗಳೂ ಹೊಸದಾಗಿ ಬರೆದುಕೊಡುತ್ತಾರೆ, ಅದನ್ನು ಹಾಕಿಕೋ.

ಸೂತ್ರಗಳಿರುವ ಚೌಕಗಳಿಗೆ ಕೈ ಹಚ್ಚಬೇಡ. ಒಳಗೇನಿದೆ ಎಂದು ಕೆದಕಲೂ ಹೋಗಬೇಡ. ಹಿಂದಿದ್ದ ಟೆಕ್ನಿಷಿಯನ್ ಒಬ್ಬ ಕೆದಕಿ ಮೂರು ದಿನ ನನ್ನ ಪ್ರಾಣ ತಿಂದಿದ್ದ. ಹನ್ನೊಂದು ವರ್ಷದಲ್ಲಿ ಆ ಹಾಳೆ ಒಂದು ತಪ್ಪು ಲೆಕ್ಕ ಕೊಟ್ಟಿಲ್ಲ, ಇದನ್ನು ಜಂಬದಿಂದಲೇ ಹೇಳುತ್ತೇನೆ.

ಸಾಲು ತೆಗೆಯಬೇಡ. ಸಾಲು ಅಂದರೆ ಹಾಸಿಗೆ ಮತ್ತು ಪಾಳಿ, ಮನುಷ್ಯನಲ್ಲ. ಹೆಸರು ಅಳಿಸಿ ಮುಂದಿನವರ ಹೆಸರು ಹಾಕು.

ನಾಗಭೂಷಣ್ ಹೋದರೆಂದು ಯಾರೂ ನನಗೆ ಹೇಳಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ನಿನ್ನ ಕಾಗದ ಓದುತ್ತಿದ್ದೆ, ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಒಳ್ಳೆಯ ಮನುಷ್ಯ.

ಜ್ಯೋತಿಲಕ್ಷ್ಮಿ

*

ಮೂಡಲಪಾಳ್ಯ
2 ಏಪ್ರಿಲ್ 2025

ಮೇಡಂ,

ಯುಗಾದಿಯ ಶುಭಾಶಯಗಳು. ನಿಮ್ಮ F5 ಮಂತ್ರ ಫಲಿಸಿತು. ನಿನ್ನೆ ಐದೇ ನಿಮಿಷದಲ್ಲಿ ಮಾರ್ಚ್ ತಿಂಗಳು ಖಾಲಿಯಾಗಿ ಏಪ್ರಿಲ್ ಸಿದ್ಧವಾಯಿತು. ಮಹೇಶ್ ಈಗ ನನ್ನನ್ನು "ಎಂಜಿನಿಯರ್ರೇ" ಎಂದು ಕರೆಯುತ್ತಾರೆ.

ಒಂಬತ್ತನೇ ಸಾಲಿಗೆ ಮಾರ್ಚ್ ಹತ್ತರಿಂದ ರಾಮಕ್ಕ ಎಂಬವರು ಬರುತ್ತಿದ್ದಾರೆ. ಹೇರೋಹಳ್ಳಿಯವರು, ಐವತ್ತೆರಡು ವರ್ಷ. ಮನೆಯ ಮುಂದೆ ಹೂ ಕಟ್ಟಿ ಮಾರುತ್ತಾರೆ. ಸೋಮವಾರ, ಗುರುವಾರ ಮಧ್ಯಾಹ್ನದ ಪಾಳಿ. ಜೊತೆಗೆ ಮಗಳು ಧನ್ಯಶ್ರೀ ಬರುತ್ತಾಳೆ. ಇಪ್ಪತ್ತರ ಹುಡುಗಿ, ಜ್ಞಾನಭಾರತಿ ಕಡೆ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ.

ರಾಮಕ್ಕನ ವಿಷಯದಲ್ಲಿ ನನಗೆ ಬೇಸರವಾಗಿದೆ. ಹಾಳೆಯ ಪ್ರಕಾರ ಪ್ರತಿ ಸಲವೂ ಸರಿಯಾದ ತೂಕಕ್ಕೆ ಬಂದು ಮನೆಗೆ ಹೋಗುತ್ತಾರೆ, ಆದರೆ ಕಾಲು ಊದಿಕೊಂಡಿರುತ್ತದೆ. ಡಾಕ್ಟರ್ ಹದಿನೈದು ದಿನಕ್ಕೊಮ್ಮೆ ಬರುವುದು ನಿಮಗೆ ಗೊತ್ತೇ ಇದೆ. ಅವರು ಹಾಳೆ ನೋಡಿದರು, ಕಾಲು ಒತ್ತಿ ನೋಡಿದರು, "ಮನೆಗೆ ಹೋಗಿ ಬಿಂದಿಗೆಗಟ್ಟಲೆ ನೀರು ಕುಡೀತಾ ಇದೀರ" ಎಂದು ಬೈದರು. ಆಕೆ, "ಇಲ್ಲ ಕಣಪ್ಪ, ದಿನಕ್ ಮೂರ್ ಲೋಟನೇ" ಎಂದರು. ನಾನೂ ನಡುವೆ ಬಾಯಿ ಹಾಕಿದೆ. "ಅವ್ವಾ, ಸುಳ್ಳು ಹೇಳಿ ಯಾರಿಗೆ ಮೋಸ ಮಾಡಾಕತ್ತೀರಿ? ಜೀವ ನಿಮ್ದ ಅಲ್ಲೇನ್ರಿ?" ಎಂದೆ. ಆಕೆ ನನ್ನನ್ನೇ ನೋಡಿದರು.

ಧನ್ಯಶ್ರೀ ಈಗ ಕೆಲಸಕ್ಕೆ ಹೋಗುವಾಗ ಅಡುಗೆಮನೆಗೆ ಬೀಗ ಹಾಕುತ್ತಾಳಂತೆ. ಹುಡುಗಿ ಗಟ್ಟಿ ಇದ್ದಾಳೆ. ನೀವು ಇಷ್ಟು ವರ್ಷ ಇಂಥವರನ್ನು ಹೇಗೆ ಸಂಭಾಳಿಸಿದಿರಿ?

ಕಲಾವತಿ

*

ಹಿರಿಯೂರು
9 ಏಪ್ರಿಲ್ 2025

ಕಲಾವತಿ,

ಅವರೆಲ್ಲ ಕುಡಿಯುತ್ತಾರೆ ಕಣೇ. ಬೇಸಿಗೆ ಬೇರೆ. ಒಬ್ಬಾಕೆ ಬಾಯಿ ಮುಕ್ಕಳಿಸುವ ನೆಪದಲ್ಲಿ ನುಂಗುತ್ತಿದ್ದಳು, ಇನ್ನೊಬ್ಬ ಕಲ್ಲಂಗಡಿ ನೀರಲ್ಲ ಹಣ್ಣು ಎಂದು ನನ್ನ ಜೊತೆ ವಾದಕ್ಕೆ ನಿಂತಿದ್ದ. ಹೇಳುವವರು ಹೇಳಬೇಕು, ಬೈಯುವವರು ಬೈಯಬೇಕು. ಮಗಳು ಮಾಡಿದ್ದು ಸರಿ.

ನಿನಗೆ ನಾಗಭೂಷಣ್ ಅವರನ್ನು ನೋಡುವ ಅವಕಾಶ ಹೆಚ್ಚು ಸಿಗಲಿಲ್ಲ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ತೂಕದ ಯಂತ್ರದ ಮುಂದೆ ಜನ ಗುಂಪಾದರೆ, "ಒಳಗಡೆ ಹೋಗ್ರೀ, ಒಳಗಡೆ ಜಾಗ ಇದೆ" ಎಂದು ಕೂಗಿ ಎಲ್ಲರನ್ನೂ ನಗಿಸುತ್ತಿದ್ದರು. ಸಕ್ಕರೆ ಕಾಯಿಲೆಯಲ್ಲಿ ಎಡಗಾಲು ಹೋಗಿ ಕೃತಕ ಕಾಲು ಹಾಕಿಕೊಂಡಿದ್ದರು. ತೂಕ ನೋಡುವ ಮೊದಲು ಅದನ್ನು ಬಿಚ್ಚಿಡಬೇಕು, ಆದರೆ ತೂಕದ ಯಂತ್ರ ಇರುವುದು ಹಾದಿಯಲ್ಲಿ, ಹೆಂಗಸರೆಲ್ಲ ಕೂತಿರುವಲ್ಲಿ. ಮೊದಲ ದಿನ ಬಿಚ್ಚುವಾಗ ಎಲ್ಲರೆದುರು ಪ್ಯಾಂಟು ಜಾರಿತು. ಆಮೇಲೆ ಎರಡು ಸಲ ಡಯಾಲಿಸಿಸ್‌ಗೆ ಬರಲೇ ಇಲ್ಲ. ನಾನೇ ಫೋನ್ ಮಾಡಿ ಕರೆಸಿದೆ. ಕಾಲಿನ ತೂಕ ಸರಿಯಾಗಿ ಎರಡು ಕೆಜಿ. ಯಾರಿಗೂ ಗೊತ್ತಾಗದ ಹಾಗೆ ಅದನ್ನು ನಾನೇ ಕಳೆದುಬಿಡುತ್ತಿದ್ದೆ. ಅವರು ಕಾಲು ಹಾಕಿಕೊಂಡೇ, ಗತ್ತಿನಿಂದ ಯಂತ್ರ ಹತ್ತಿ ಇಳಿಯುತ್ತಿದ್ದರು. ಮಹೇಶನಿಗೂ ತಿಳಿಯದು. ನಾಲ್ಕು ವರ್ಷ ಹೀಗೇ ನಡೆಯಿತು.

ಯಾಕೆ ಬರೆದೆನೋ. ಮನೆಯವರಿಗೆ ವರ್ಗವಾಗಿ ಬಂದ ಈ ಕ್ವಾರ್ಟರ್ಸಿನಲ್ಲಿ ಯಾರಿಗೂ ಅವರ ಪರಿಚಯವಿಲ್ಲ, ಯಾರಿಗಾದರೂ ಹೇಳಬೇಕೆನಿಸಿತು.

ಜ್ಯೋತಿಲಕ್ಷ್ಮಿ

*

ಮೂಡಲಪಾಳ್ಯ
21 ಏಪ್ರಿಲ್ 2025, ಸೋಮವಾರ

ಮೇಡಂ,

ನಾಗಭೂಷಣ್ ಅವರ ವಿಷಯ ಓದಿ ಕಣ್ಣು ತುಂಬಿತು. ದಿನಾ ಮನಸ್ಸಿನಲ್ಲೇ ಎರಡು ಕೆಜಿ ಕಳೆದು ಬರೆಯುವುದಕ್ಕೆ ಎಷ್ಟು ನೆನಪಿರಬೇಕು! ನಾನಾಗಿದ್ದರೆ ಒಂದು ದಿನವಾದರೂ ಮರೆಯುತ್ತಿದ್ದೆ.

ರಾಮಕ್ಕನ ಸ್ಥಿತಿ ಚೆನ್ನಾಗಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಯಂತೆ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾರಂತೆ. ಮುಖ ಬಾತಿದೆ. ಮಗಳು ಬಾಟಲಿಯಲ್ಲಿ ಅಳೆದು ನೀರು ಕೊಡುತ್ತಾಳೆ. ಹೂವಿನ ಮೇಲೆ ಹೊದಿಸುವ ಒದ್ದೆ ಬಟ್ಟೆಯನ್ನು ಹಿಂಡಿ ಕುಡಿಯುತ್ತಾರೆಂಬ ಅನುಮಾನದಿಂದ ಹೂವಿನ ಬುಟ್ಟಿಯನ್ನೂ ತೆಗೆಸಿದ್ದಾಳೆ. ಇವತ್ತು ರಾಮಕ್ಕ ನನ್ನ ಕೈ ಹಿಡಿದುಕೊಂಡು, "ಅಣ್ಣಮ್ಮನಾಣೆ, ನಾನ್ ಕುಡ್ದಿಲ್ಲ ಕಣವ್ವ. ನೀನಾದ್ರೂ ನಂಬು. ನನ್ ಮಗಳು ನನ್ನ ಕಳ್ಳಿ ಥರ ನೋಡ್ತಾಳೆ" ಎಂದರು.

ದೇವರ ಆಣೆ ಇಟ್ಟು ಸುಳ್ಳು ಹೇಳುವವರ ಹಾಗೆ ಕಾಣಲಿಲ್ಲ. ಮಹೇಶರನ್ನು ಕೇಳಿದೆ. "ಚೀಟಿ ಎಷ್ಟು ಹೇಳುತ್ತೋ ಅಷ್ಟು ತೆಗೀತೀನಿ. ಚೀಟಿ ನಿಮ್ದು" ಎಂದರು.

ಮೇಡಂ, ತಪ್ಪು ತಿಳಿಯಬೇಡಿ. ಹಾಳೆಯಲ್ಲೇ ಏನಾದರೂ ಹೆಚ್ಚುಕಮ್ಮಿ ಇರಬಹುದೇ? ಸೂತ್ರ ಕೆದಕಬೇಡ ಎಂದಿದ್ದೀರಿ, ಅದಕ್ಕೆ ನಿಮ್ಮನ್ನು ಕೇಳದೆ ನೋಡಿಲ್ಲ.

ಕಲಾವತಿ

*

ಹಿರಿಯೂರು
23 ಏಪ್ರಿಲ್ 2025

ಕಲಾವತಿ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹನ್ನೊಂದು ವರ್ಷ ನಡೆಸಿದ ಹಾಳೆ ನೀನು ಬಂದು ಎರಡು ತಿಂಗಳಿಗೆ ಕೆಟ್ಟುಹೋಯಿತೇ? ಉಳಿದ ಇಪ್ಪತ್ಮೂರು ಜನಕ್ಕೆ ಸರಿ ಇರುವ ಹಾಳೆ ರಾಮಕ್ಕನೊಬ್ಬಳಿಗೆ ಮಾತ್ರ ಸುಳ್ಳು ಹೇಳುತ್ತದೆಯೇ? ಆಣೆ ಇಟ್ಟಳಂತೆ, ಇವಳು ನಂಬಿದಳಂತೆ. ಬಾಯಾರಿದವರ ಆಣೆಗೆ ನಾನು ಬೆಲೆ ಕೊಡುವುದಿಲ್ಲ. ಡ್ರೈ ವೇಟ್ ತಪ್ಪಾಗಿ ಟೈಪ್ ಮಾಡಿದ್ದೀಯಾ ನೋಡಿಕೋ. ನಿನ್ನ ಕೈತಪ್ಪನ್ನು ನನ್ನ ತಲೆಗೆ ಕಟ್ಟಬೇಡ.

ಜ್ಯೋತಿಲಕ್ಷ್ಮಿ

*

ಹಿರಿಯೂರು
24 ಏಪ್ರಿಲ್ 2025, ಗುರುವಾರ, ಬೆಳಿಗ್ಗೆ 9.10

ಕಲಾವತಿ,

ಈಗಲೇ ಎಂಟನೇ ಸಾಲಿನ ಸೂತ್ರಗಳನ್ನು ಕಾಪಿ ಮಾಡಿ ಒಂಬತ್ತನೇ ಸಾಲಿಗೆ ಹಾಕು. ಮಧ್ಯಾಹ್ನದ ಪಾಳಿಗೆ ಮೊದಲು. ಯಾಕೆಂದು ಆಮೇಲೆ ಹೇಳುತ್ತೇನೆ. ಮಾಡಿದ ಮೇಲೆ ಒಂದು ಸಾಲು ಬರೆ.

ಜ್ಯೋತಿಲಕ್ಷ್ಮಿ

*

ಮೂಡಲಪಾಳ್ಯ
3 ಮೇ 2025, ಶನಿವಾರ

ಮೇಡಂ,

ರಾಮಕ್ಕ ಹೋದರು. ಮಂಗಳವಾರ, ಏಪ್ರಿಲ್ ಇಪ್ಪತ್ತೊಂಬತ್ತು, ಬೆಳಿಗ್ಗೆ ಹತ್ತರ ಹೊತ್ತಿಗೆ. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ದೊಡ್ಡ ಆಸ್ಪತ್ರೆಗೆ ಒಯ್ಯಲು ಆಟೋ ಹತ್ತಿಸುವಾಗಲೇ ಉಸಿರು ನಿಂತಿತ್ತು.

ನಿಮ್ಮ ಇಪ್ಪತ್ನಾಲ್ಕನೇ ತಾರೀಕಿನ ಕಾಗದವನ್ನು ನಾನು ನೋಡಿದ್ದು ನಿನ್ನೆ. ಇಪ್ಪತ್ಮೂರರಂದು ನೀವು ಬೈದದ್ದರಿಂದ ನನಗೆ ತುಂಬಾ ನೋವಾಗಿತ್ತು. ಗುರುವಾರ ಮಹೇಶ್ ಬಂದು, "ಜ್ಯೋತಿ ಮೇಡಂ ಫೋನ್ ಮಾಡಿದ್ರು, ಬಿಡುವಾದಾಗ ಮೇಲ್ ನೋಡ್ಬೇಕಂತೆ" ಎಂದರು. ಇನ್ನಷ್ಟು ಬೈಗುಳ ಇರಬೇಕೆಂದು ನಾನು ತೆರೆಯಲಿಲ್ಲ. ಆ ಮಹೇಶನಿಗೂ ಯಾವುದು ಅರ್ಜೆಂಟ್, ಯಾವುದು ಅಲ್ಲ ಎಂಬ ಜ್ಞಾನವಿಲ್ಲ, ಬಿಡುವಾದಾಗ ಎಂದುಬಿಟ್ಟ. ಗುರುವಾರ ಹೋಯಿತು, ಸೋಮವಾರ ಹೋಯಿತು. ನಿನ್ನೆ ಏಪ್ರಿಲ್ ಅಂಕಿಗಳನ್ನು ಅಳಿಸಬೇಕಿತ್ತು. ಮಾನಿಟರಿಗೆ ಅಂಟಿಸಿದ್ದ ಚೀಟಿ ಬಿದ್ದುಹೋಗಿತ್ತು. F5 ಆದ ಮೇಲೆ ಏನೆಂದು ನೋಡಲು ನಿಮ್ಮ ಹಳೆಯ ಕಾಗದ ಹುಡುಕುವಾಗ ಇದು ಕಾಣಿಸಿತು.

ಒಂಬತ್ತನೇ ಸಾಲಿನ ಚೌಕದ ಮೇಲೆ ಕ್ಲಿಕ್ ಮಾಡಿದೆ. ಎಲ್ಲ ಸಾಲುಗಳಲ್ಲೂ ಇವತ್ತಿನ ತೂಕದಿಂದ ಡ್ರೈ ವೇಟ್ ಕಳೆ ಎಂದಿದೆ. ಒಂಬತ್ತರಲ್ಲಿ ಮಾತ್ರ ಅದಾದ ಮೇಲೆ ಇನ್ನೂ ಎರಡು ಕಳೆ ಎಂದಿದೆ. ಮುಗಿದ ಮೇಲಿನ ತೂಕವನ್ನು ಸರಿ ಎಂದು ಹೇಳುವ ಚೌಕದಲ್ಲೂ ಅದೇ ಎರಡು. ನೀವು ಮನಸ್ಸಿನಲ್ಲಿ ಕಳೆಯುತ್ತಿದ್ದಿರಿ ಎಂದು ನಾನು ತಿಳಿದಿದ್ದೆ. ನೀವು ಸೂತ್ರದ ಒಳಗೇ ಇಟ್ಟಿದ್ದಿರಿ. ಅಂಕಿ ಅಳಿಸಿ ಸೂತ್ರ ಉಳಿಸು ಎಂದಿರಿ, ನಾನು ಹಾಗೇ ಮಾಡಿದೆ. ಸೂತ್ರದ ಹೊಟ್ಟೆಯೊಳಗಿದ್ದ ಎರಡನ್ನು ಡಿಲೀಟ್ ಮುಟ್ಟಲಿಲ್ಲ. ಎರಡು ಕಾಲೂ ಇದ್ದ ಹೆಂಗಸಿಗೆ ಏಳು ವಾರ ಪ್ರತಿ ಸಲವೂ ಎರಡು ಲೀಟರ್ ನೀರನ್ನು ಮೈಯಲ್ಲೇ ಬಿಟ್ಟು ಕಳಿಸಿದೆವು. ನಮ್ಮ ಹಾಳೆ ಸರಿ ಎಂದಿತು. ನಾವೆಲ್ಲ ಆಕೆಯನ್ನು ಸುಳ್ಳಿ ಎಂದೆವು.

ಸಾವಿನ ಮನೆಗೆ ಹೋಗಿದ್ದೆ, ಆಗ ಇದೇನೂ ಗೊತ್ತಿರಲಿಲ್ಲ. ನೆಂಟರೊಬ್ಬರು, "ನೀರಿನಾಸೆಗ್ ಪ್ರಾಣ ಬಿಟ್ಲು, ಬಾಯಿ ಕಟ್ಟಕ್ಕಾಗ್ಲಿಲ್ಲ ನೋಡು" ಎನ್ನುತ್ತಿದ್ದರು. ಧನ್ಯಶ್ರೀ ಅಳುತ್ತಿರಲಿಲ್ಲ. ನನ್ನನ್ನು ಕಂಡು, "ಆಟೋ ಬರೋಕ್ ಮುಂಚೆ ಅರ್ಧ ಲೋಟ ನೀರ್ ಕೇಳಿದ್ರು ಮೇಡಂ. ಕೊಡ್ಲಿಲ್ಲ. ಇಷ್ಟೊಂದ್ ಕುಡ್ದು ಈ ಸ್ಥಿತಿಗೆ ಬಂದಿದೀಯ, ಇನ್ನೂ ಬೇಕಾ ಅಂದೆ" ಎಂದಳು.

ಏಪ್ರಿಲ್ ಅಂಕಿಗಳನ್ನು ಇನ್ನೂ ಅಳಿಸಿಲ್ಲ. ಪ್ರಿಂಟಿನಲ್ಲಿ ಸೂತ್ರ ಕಾಣುವುದಿಲ್ಲ. ನಡೆದದ್ದಕ್ಕೆ ಈ ಹಾಳೆಯೊಂದೇ ಸಾಕ್ಷಿ. ಏನು ಮಾಡಲಿ?

ಕಲಾವತಿ

*

ಹಿರಿಯೂರು
5 ಮೇ 2025

ಕಲಾವತಿ,

ಎರಡು ದಿನದಿಂದ ಅನ್ನ ಇಳಿದಿಲ್ಲ. ಆದರೂ ತಲೆ ಸ್ಥಿಮಿತದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ, ನೀನೂ ಹಾಗೇ ಓದು.

ಸೂತ್ರ ಸರಿ ಮಾಡು. ಅಂಕಿಗಳನ್ನು ಎಂದಿನಂತೆ ಅಳಿಸು. ಯಾರಿಗೂ ಹೇಳಬೇಡ. ಸತ್ತವರು ಎದ್ದು ಬರುವುದಿಲ್ಲ. ಇದು ಹೊರಗೆ ಬಂದರೆ ಸೆಂಟರ್ ನಡೆಸುವ ಟ್ರಸ್ಟಿನವರು ಅದಕ್ಕೆ ಬಾಗಿಲು ಹಾಕುತ್ತಾರೆ. ಉಳಿದ ಇಪ್ಪತ್ಮೂರು ಜನ ಬೇರೆ ಕಡೆ ಹೋಗಿ ಪಾಳಿ ಹಿಡಿಯುವಷ್ಟರಲ್ಲಿ ನಾಲ್ಕೈದು ಹೆಣ ಬೀಳುತ್ತದೆ, ಬರೆದಿಟ್ಟುಕೋ. ಧನ್ಯಶ್ರೀಗೆ ಹೇಳಿ ಏನು ಉಪಕಾರ ಮಾಡುತ್ತೀ? ಈಗ ತಾಯಿಯ ಮೇಲೆ ಸಿಟ್ಟಿದೆ, ಸಿಟ್ಟು ದಿನ ಕಳೆದಂತೆ ಇಳಿಯುತ್ತದೆ. ನಿಜ ತಿಳಿದರೆ ಆ ಅರ್ಧ ಲೋಟ ನೀರು ಅವಳನ್ನು ಬದುಕಿರುವವರೆಗೂ ಬಿಡುವುದಿಲ್ಲ.

ಇಪ್ಪತ್ಮೂರರ ಸಂಜೆ ನಿನಗೆ ಬೈದು ಬರೆದು ಮಲಗಿದೆ. ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚುವಾಗ ನಾಗಭೂಷಣ್ ನೆನಪಾದರು, ಕಾಲು ನೆನಪಾಯಿತು. ಆಗ ತಿಳಿಯಿತು. ನಾನು ಕೆಟ್ಟದ್ದು ಮಾಡಲು ಆ ಎರಡನ್ನು ಇಡಲಿಲ್ಲ ಕಣೇ. ಒಬ್ಬ ಮನುಷ್ಯನ ಮಾನ ಉಳಿಸಲು ಇಟ್ಟೆ.

ನನ್ನ ಮಾತು ಕೇಳು.

ಜ್ಯೋತಿಲಕ್ಷ್ಮಿ

*

ಮೂಡಲಪಾಳ್ಯ
11 ಮೇ 2025, ಭಾನುವಾರ

ಮೇಡಂ,

ನಿಮ್ಮ ಮಾತು ಕೇಳಲಿಲ್ಲ. ಏಪ್ರಿಲ್ ಹಾಳೆಯನ್ನು ಹಾಗೇ ಇಟ್ಟುಕೊಂಡು ಮೇ ತಿಂಗಳಿಗೆ ಬೇರೆ ಹಾಳೆ ಮಾಡಿದೆ. ಇಪ್ಪತ್ನಾಲ್ಕು ಸಾಲಿನ ಒಂದೊಂದು ಸೂತ್ರವನ್ನೂ ತೆರೆದು ನೋಡಿದೆ. ಆಮೇಲೆ ಟ್ರಸ್ಟಿನ ಸೆಕ್ರೆಟರಿಗೂ ಡಾಕ್ಟರಿಗೂ ಏಪ್ರಿಲ್ ಹಾಳೆ ತೋರಿಸಿದೆ. ಡಾಕ್ಟರ್, "ಊದಿದ ಕಾಲು ಕಣ್ಣೆದುರಿಗಿತ್ತು, ನಾನು ಕಾಗದ ನಂಬಿದೆ" ಎಂದರು. ಸೆಕ್ರೆಟರಿ ನನಗೆ ಈ ತಿಂಗಳ ಕೊನೆಗೆ ಬೇರೆ ಕೆಲಸ ನೋಡಿಕೊಳ್ಳಲು ಹೇಳಿದ್ದಾರೆ. ಸೆಂಟರ್ ಸದ್ಯಕ್ಕೆ ಮುಚ್ಚುವುದಿಲ್ಲ.

ನಿನ್ನೆ ಹೇರೋಹಳ್ಳಿಗೆ ಹೋದೆ. ರಾಮಕ್ಕ ಕೂರುತ್ತಿದ್ದ ಜಗಲಿಯಲ್ಲಿ ಧನ್ಯಶ್ರೀ ಬಟ್ಟೆ ಮಡಿಸುತ್ತಿದ್ದಳು. ಎಲ್ಲ ಹೇಳಿದೆ. ನಾಗಭೂಷಣ್ ಅವರ ಕಾಲಿನಿಂದ ಹಿಡಿದು ನಾನು ತೆರೆಯದ ಕಾಗದದವರೆಗೆ. ಬೈಯುತ್ತಾಳೆ, ಹೊಡೆದರೂ ಹೊಡೆಸಿಕೊಳ್ಳೋಣ ಎಂದು ಹೋಗಿದ್ದೆ. ಅವಳು ಎರಡೇ ಮಾತು ಕೇಳಿದಳು.

"ಹಂಗಾದ್ರೆ ಅಮ್ಮ ಕುಡೀತಿರ್ಲಿಲ್ವಾ?"

"ಇಲ್ಲವ್ವ" ಎಂದೆ.

"ಅವತ್ ಕೇಳ್ದಾಗ ಅರ್ಧ ಲೋಟ ಕೊಟ್ಟಿದ್ರೆ ಏನಾದ್ರೂ ಆಗ್ತಿತ್ತಾ?"

ಸುಳ್ಳು ಹೇಳೋಣವೆನಿಸಿತು. ನೀವು ಹೇಳಿದ್ದೂ ನೆನಪಾಯಿತು. ಆದರೆ ಅವಳಿಗೆ ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅದರಿಂದ ಏನೂ ಬದಲಾಗ್ತಿದ್ದಿಲ್ಲ" ಎಂದೆ. ಮಡಿಸುತ್ತಿದ್ದ ಸೀರೆಯನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಸಾವಿನ ದಿನದಿಂದ ಅವಳು ಅತ್ತದ್ದು ಅದೇ ಮೊದಲಂತೆ. ನಾನೂ ಅತ್ತೆ. ನಾನು ಅಳಬಾರದಿತ್ತು, ಆ ಹಕ್ಕು ನನಗಿರಲಿಲ್ಲ.

ನೀವು ಹೇಳಿದಂತೆಯೇ ಆಯಿತು, ನಿಜ ಅವಳಿಗೆ ಸಿಟ್ಟಿಗಿಂತ ಭಾರವಾಗಿದೆ. ಆದರೂ ಅವಳು ಒಂದನ್ನು ಬಾಯಿಬಿಟ್ಟು ಕೇಳಿದಳು. ಅವಳಿಗೆ ಪರಿಹಾರ ಬೇಡವಂತೆ, ಪೊಲೀಸರ ವಿಷಯ ಆಮೇಲೆ ಯೋಚಿಸುತ್ತಾಳಂತೆ. ಅವಳಮ್ಮ ನೀರು ಕದ್ದು ಕುಡಿಯಲಿಲ್ಲ ಎಂದು ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಡಬೇಕಂತೆ. ಅದನ್ನು ನೆಂಟರ ಮನೆಮನೆಗೂ ಒಯ್ದು ಓದುತ್ತಾಳಂತೆ. ಬರೆದಿದ್ದೇನೆ, ಕೆಳಗೆ ಸಹಿ ಹಾಕಿದ್ದೇನೆ. ನಿಮ್ಮ ಹೆಸರಿಗೆ ಜಾಗ ಬಿಟ್ಟು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಹಾಕುವುದು ಬಿಡುವುದು ನಿಮಗೆ ಸೇರಿದ್ದು.

ಕಲಾವತಿ

*

ಹಿರಿಯೂರು
19 ಮೇ 2025

ಕಲಾವತಿ,

ಕಾಗದ ಬಂದು ನಾಲ್ಕು ದಿನವಾಯಿತು. ಸಹಿ ಹಾಕಿ ಇದರ ಜೊತೆಗೇ ಇಟ್ಟಿದ್ದೇನೆ. ಮನೆಯವರು ಬೇಡವೆಂದರು. ಅವರ ಜೊತೆ ನಾನು ಜಗಳವಾಡಲಿಲ್ಲ, ಪೆನ್ನು ಎಲ್ಲಿದೆ ಎಂದಷ್ಟೇ ಕೇಳಿದೆ.

ನೀನು ಬರೆದದ್ದರಲ್ಲಿ ಒಂದು ಕಡೆ ತಪ್ಪಿದೆ. ಗುರುವಾರದ ಫೋನಿನ ವಿಷಯವನ್ನು ಮಹೇಶ ಸರಿಯಾಗಿ ಹೇಳಲಿಲ್ಲ ಎಂದು ಬರೆದಿದ್ದೀಯ. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ನನ್ನ ಕೈಯಲ್ಲೇ ಸರಿಯಾದದ್ದನ್ನು ಬರೆದಿದ್ದೇನೆ. ಧನ್ಯಶ್ರೀ ಅದನ್ನು ಓದುವ ಮೊದಲು ನೀನು ಓದಬೇಕು.

ಅಂದು ಬೆಳಿಗ್ಗೆ ಹನ್ನೊಂದು ಗಂಟೆಯಾದರೂ ನಿನ್ನ ಉತ್ತರ ಬರಲಿಲ್ಲವೆಂದು ಸೆಂಟರಿಗೆ ಫೋನ್ ಮಾಡಿದೆ. ಮಹೇಶ ಎತ್ತಿದ. ಒಂದು ಮಾತು ಹೇಳಿದ್ದರೆ ಸಾಕಿತ್ತು, ರಾಮಕ್ಕ ಮಧ್ಯಾಹ್ನ ಬರುವವಳಿದ್ದಳು. ಆದರೆ ಜ್ಯೋತಿ ಮೇಡಂ ಹಾಳೆಯಲ್ಲಿ ತಪ್ಪಿದೆ ಎಂದು ಅವನ ಎದುರು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ಕಲಾವತಿಗೆ ಮೇಲ್ ನೋಡಲು ಹೇಳು ಎಂದೆ.

ಅವನು ಪಾಪ ಕೇಳಿದ, "ಅರ್ಜೆಂಟಾ ಮೇಡಂ? ಈಗ್ಲೇ ಕರೀಲಾ?" ಎಂದು.

"ಅರ್ಜೆಂಟೇನಿಲ್ಲಪ್ಪ, ಬಿಡುವಾದಾಗ ನೋಡ್ಲಿ" ಎಂದೆ.

ಜ್ಯೋತಿಲಕ್ಷ್ಮಿ